ಗಾಜಿನಾಚೆಯ ಹೆಬ್ಬೆರಳು

ನೀಲಿ, ಒಗೆದು ಇಸ್ತ್ರಿ ಮಾಡಿದ ಯೂನಿಫಾರ್ಮಿನ ನೀಲಿ, ಪರದೆಯ ಮೂಲೆಗಳೆಲ್ಲ ದುಂಡಗೆ, ಬಟನ್ನಿನ ಮೇಲೆ ಬಾಣ ಹೋದರೆ ಸಾಕು ಅದು ತುಸು ತಿಳಿಯಾಗಿ ಒತ್ತು ಒತ್ತು ಎಂದು ಕರೆಯುತ್ತದೆ, ಆಫೀಸಿನಲ್ಲಿ ನಾವೆಲ್ಲ ಚೂಟಿ ಎಂದು ಕರೆಯುವ ಹುಡುಗಿಯ ಕೈಗುಣ, ಆ ಬಣ್ಣಕ್ಕೆ ಅವಳು ಎಷ್ಟು ಒದ್ದಾಡಿದಳು, ಮೇಡಂ ಈ ನೀಲಿ ನೋಡಿ, ಬೇಡ ಬೇಡ ಈ ನೀಲಿ ನೋಡಿ, ನನಗೆ ಎಲ್ಲ ನೀಲಿಯೂ ಒಂದೇ, ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಬಿಳಿ ಅಕ್ಷರ ನೋಡುತ್ತ ತಲೆ ನರೆಸಿಕೊಂಡವಳು ನಾನು — ಈಗ ಈ ಕೋಣೆಯಲ್ಲಿ ಎಲ್ಲರೂ ಆ ನೀಲಿಯನ್ನೇ ನೋಡುತ್ತಿದ್ದಾರೆ, ಕಿವಿ ಪರೀಕ್ಷೆ ಮಾಡುವಾಕೆ, ಇಲ್ಲಿ ಎಲ್ಲರ ಬಾಯಲ್ಲೂ ಡಾಕ್ಟರಮ್ಮ, ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಕಣ್ಣಿಗೆ ಎಷ್ಟು ಹಿತವಾಗಿದೆ ನೋಡಿ, ಹಳೇದನ್ನ ನೋಡಿದ್ರೆ ನಂಗೇ ತಲೆನೋವು ಬರ್ತಿತ್ತು ಅನ್ನುತ್ತಾರೆ, ನಮ್ಮ ಕಂಪನಿಯ ಯಜಮಾನರು ಗೋಡೆಗೊರಗಿ ಕೈಕಟ್ಟಿ ನಿಂತು, ಹಳೇದು ಒಂದು ಸಾಲೂ ಇಲ್ಲ ಡಾಕ್ಟರಮ್ಮ, ಬುಡದಿಂದ ತುದೀವರೆಗೂ ಹೊಸದು, ಮೆಷಿನ್ ಜೊತೆ ಮಾತಾಡೋ ಭಾಗ ಪೂರ್ತಿ ನಮ್ಮ ಮೇಡಂದೇ ಎಂದು ನನ್ನ ಕಡೆ ಕೈ ತೋರಿಸುತ್ತಾರೆ, ಮೂಲೆಯ ಸ್ಟೂಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನಾನು ನಗುತ್ತೇನೆ, ತಲೆ ಬೇರೆ ಆಡಿಸುತ್ತೇನೆ, ನಾಚಿಕೆಯಾದರೆ ನನಗೆ ಮೊದಲು ಬಿಸಿಯಾಗುವುದು ಕಿವಿಯ ತುದಿ, ಈಗ ಎರಡೂ ಸುಡುತ್ತಿವೆ, ಕಿವಿಯ ಆಸ್ಪತ್ರೆಯಲ್ಲಿ ಕೂತಿದ್ದರೂ ಅದನ್ನು ಯಾರೂ ಗಮನಿಸುತ್ತಿಲ್ಲ.

ಹಳೇದು ಎಂದರೆ ನನ್ನದು. ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟು, ಪುಟ್ಟದೊಂದು ಪ್ರೋಗ್ರಾಮು, ಈಗಿನ ಹುಡುಗರು ಹೆಸರು ಕೇಳಿದರೆ ಮ್ಯೂಸಿಯಮ್ಮಿನಲ್ಲಿ ಇದೆಯಾ ಮೇಡಂ ಎಂದು ನಗುತ್ತಾರೆ, ನಕ್ಕರೆ ನಗಲಿ, ಈ ಕಿವಿ ಪರೀಕ್ಷೆಯ ಮೆಷಿನ್ನಿನ ಸಿಡುಕು ಸೆಡವುಗಳೆಲ್ಲ ಅದಕ್ಕೆ ಗೊತ್ತು, ಎಲ್ಲಿ ಒಂದು ಕ್ಷಣ ಸುಮ್ಮನಿರಬೇಕು, ಯಾವ ಮಾತನ್ನು ಎರಡು ಸಲ ಹೇಳಬೇಕು, ಅತ್ತೆಯ ಜೊತೆ ಏಗಿದ ಸೊಸೆಯ ಹಾಗೆ ಎಲ್ಲ ಬಲ್ಲದು, ಪರದೆಯಿಂದ ಅಪ್ಪಣೆ ಬಂದರೆ ಮೆಷಿನ್ನಿಗೆ ಸದ್ದು ಮಾಡು ಅನ್ನುವುದು, ಒಳಗೆ ಕೂತವರು ಬಟನ್ ಒತ್ತಿದರೆ ಕೇಳಿಸಿತು ಎಂದು ಒಂದು ಸಾಲು ಬರೆಯುವುದು, ಇಷ್ಟೇ ಅದರ ಕೆಲಸ, ಮೊದಲು ಇದು, ಆಮೇಲೆ ಅದು, ಒಂದಾದ ಮೇಲೆ ಒಂದು. ಈಗ ಪ್ರೋಗ್ರಾಮು ಕಟ್ಟುವ ವಿಂಡೋಸಿನ ಹೊಸ ಫ್ರೇಮ್‌ವರ್ಕ್ ಹಾಗಲ್ಲ, ಅಲ್ಲಿ ಯಾವುದೂ ಯಾವುದಕ್ಕೂ ಕಾಯುವುದಿಲ್ಲ, ಎಲ್ಲವೂ ಒಟ್ಟಿಗೆ, ತರಬೇತಿಗೆ ಕಳಿಸಿದರು, ನನ್ನ ಮಗಳ ವಯಸ್ಸಿನವರ ನಡುವೆ ಕೂತೆ, ಅವರು ತಿಂಡಿ ತಿನ್ನುತ್ತ ಬರೆದದ್ದನ್ನು ನಾನು ಬೆವರು ಸುರಿಸುತ್ತ ಬರೆದೆ, ಹೊಸದರಲ್ಲಿ ಬರೆದ ನನ್ನ ಭಾಗ ಮೆಷಿನ್ನಿನ ಜೊತೆ ಎರಡು ಮಾತಾಡಿ ಕೋಪಿಸಿಕೊಂಡು ಕೂರುತ್ತಿತ್ತು, ಎಷ್ಟು ಆಯ್ತು ಮೇಡಂ ಎಂದು ಯಜಮಾನರು ಕೇಳಿದಾಗಲೆಲ್ಲ ಆಗ್ತಾ ಬಂತು ಸರ್, ಆಗ್ತಾ ಬಂತು ಸರ್, ಕೊನೆಗೊಂದು ದಿನ ಆಯ್ತು ಸರ್ ಅಂದುಬಿಟ್ಟೆ, ಏನಾಗಿತ್ತು, ಹೊಸ ನೀಲಿ ಪರದೆಯ ಹಿಂದೆ ಹಳೆಯ ಸ್ಕ್ರಿಪ್ಟನ್ನೇ ಕೂರಿಸಿದ್ದೆ, ಸಿನಿಮಾದಲ್ಲಿ ತುಟಿ ಆಡಿಸುವವಳು ಒಬ್ಬಳು, ಹಿಂದೆ ಹಾಡುವವಳು ಇನ್ನೊಬ್ಬಳು, ಹಾಗೆ. ಹೀಗೆ ಹೊಸದು ಹಳೆಯದನ್ನು ಜೊತೆಗಿಟ್ಟುಕೊಂಡು ದುಡಿಸುವುದು ತಪ್ಪೇನಲ್ಲ, ಎಷ್ಟೋ ಕಡೆ ರಾಜಾರೋಷವಾಗಿ ಮಾಡುತ್ತಾರೆ, ಹೇಳಿ ಮಾಡಿದ್ದರೆ ನನ್ನನ್ನೂ ಜಾಣೆ ಅನ್ನುತ್ತಿದ್ದರೇನೋ. ಹೇಳಲಿಲ್ಲ. ಸ್ಕ್ರಿಪ್ಟು ಓಡುವಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪು ಕಿಟಕಿಯೊಂದು ಮೂಡಿ ಮಾಯವಾಗುತ್ತಿತ್ತು, ಮೇಡಂ ಅದೇನದು ಎಂದು ಚೂಟಿ ಕೇಳಿದಳು, ಏನಿಲ್ಲಮ್ಮ ಎಂದೆ, ಅವತ್ತೇ ಅದು ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿದೆ, ಒಂದೇ ಸಾಲಿನ ಕೆಲಸ, ಮುಚ್ಚುವುದಕ್ಕೆ ಹೊಸದು ಎಷ್ಟು ಸಲೀಸು. ಮೆಷಿನ್ ಜೊತೆ ಮಾತಾಡೋ ಭಾಗ ನಂಗೂ ತೋರ್ಸಿ ಮೇಡಂ, ಕಲ್ತ್ಕೋತೀನಿ ಅಂದಳು ಪಾಪ, ನೀನು ನಿನ್ನ ಬಣ್ಣ ನೋಡ್ಕೋ ಎಂದೆ, ಆ ಹುಡುಗಿಯ ಮುಖ ಸಣ್ಣದಾಯಿತು, ಆಮೇಲೆ ಅವಳು ಮತ್ತೆ ಕೇಳಲಿಲ್ಲ.

ಗಾಜಿನ ಆಚೆ ಆ ಪುಟ್ಟ ಕೋಣೆಯಲ್ಲಿ, ಹೊರಗಿನ ಸದ್ದು ಒಳಗೆ ಹೋಗದ, ಒಳಗಿನದು ಹೊರಗೆ ಬಾರದ ಆ ಗೂಡಿನಲ್ಲಿ, ವ್ಯಾನ್ ಮಾಮ ಕೂತಿದ್ದಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ವರಾಂಡದ ಬೆಂಚಿನಲ್ಲಿ ಪಕ್ಕದಲ್ಲಿ ಕೂತು ತಾವೇ ಹೇಳಿಕೊಂಡರು, ಶಾಲೆ ವ್ಯಾನ್ ಓಡಿಸ್ತೀನಮ್ಮ, ಮಕ್ಕಳೆಲ್ಲ ವ್ಯಾನ್ ಮಾಮ ಅಂತಾವೆ, ಅವರಪ್ಪ ಅಮ್ಮಂದಿರೂ ಹಾಗೇ ಅಂತಾರೆ, ಈ ವಯಸ್ಸಲ್ಲಿ ಗಡ್ಡ ಬಂದವರಿಗೆಲ್ಲ ಮಾಮ ಆಗಿದ್ದೀನಿ. ಶಾಲೆಯವರು ಹೊಸದಾಗಿ ಷರತ್ತು ಹಾಕಿದ್ದಾರಂತೆ, ಕಿವಿ ಸರಿಯಿದೆ ಎಂದು ಇಲ್ಲಿಂದ ಬರೆಸಿಕೊಂಡು ಹೋದರೆ ವ್ಯಾನಿನ ಕೀಲಿ ಅವರ ಕೈಯಲ್ಲೇ, ಇಲ್ಲದಿದ್ದರೆ ಬೇರೆಯವರಿಗೆ. ಕಿವಿಗೇನಾಗಿದೆ ನಂಗೆ, ಹಿಂದಿನ ಸೀಟಲ್ಲಿ ಎರಡು ಹುಡುಗೀರು ಪಿಸುಪಿಸು ಅಂದ್ರೂ ಯಾವ ಟೀಚರನ್ನ ಬೈತಾ ಇದಾರೆ ಅಂತ ಹೇಳಿಬಿಡ್ತೀನಿ, ಆದ್ರೆ ನನ್ನ ಮಗಳು ಒಂದು ಮಾತು ಹೇಳ್ತಾಳೆ, ಅಪ್ಪಂಗೆ ಬೇಕಾದ್ದು ಮಾತ್ರ ಕೇಳಿಸುತ್ತೆ ಅಂತ — ಎಂದು ನಕ್ಕರು, ನಾನೂ ನಕ್ಕೆ, ನಮ್ಮನೆಯವರದ್ದೂ ಅದೇ ಕಥೆ ಎಂದೆ. ಡಾಕ್ಟರಮ್ಮ ಬಾಗಿಲಲ್ಲಿ ನಿಂತು, ಇವತ್ತು ಹೊಸ ಪ್ರೋಗ್ರಾಮಿನಲ್ಲಿ ಮಾಡ್ತೀವಿ, ಮೊದಲನೆಯವರು ನೀವೇ, ಪರವಾಗಿಲ್ವಾ ಎಂದು ಕೇಳಿದರು, ಅವರು ನನ್ನ ಮುಖ ನೋಡಿದರು, ನೀವೇ ಮಾಡಿದ್ದಾಮ್ಮ ಇದನ್ನ, ನಾನು ಹೂಂ ಎಂದೆ, ಹಂಗಾದ್ರೆ ಸೈ ಎಂದು ಎದ್ದು ಹೋದರು, ನನ್ನ ಒಂದು ಹೂಂ ನಂಬಿ ಹೋದರು. ಈಗ ಗಾಜಿನ ಕಡೆಗೆ ಓರೆಯಾಗಿ ಬೆನ್ನು ಹಾಕಿದ್ದಾರೆ, ಡಾಕ್ಟರಮ್ಮನ ಮುಖ ನೋಡಿ ಊಹಿಸಬಾರದೆಂದು ಹಾಗೆ ಕೂರಿಸುವುದು, ಡಾಕ್ಟರಮ್ಮನಿಗೂ ಅವರ ಬೆನ್ನು, ಕತ್ತು, ಕಿವಿಯ ಮೇಲಿನ ದೊಡ್ಡ ಹೆಡ್‌ಫೋನು ಮಾತ್ರ ಕಾಣುತ್ತದೆ, ಡಾಕ್ಟರಮ್ಮನ ಕಣ್ಣಂತೂ ಪರದೆಯ ಮೇಲೇ, ಈ ಮೂಲೆಯ ಸ್ಟೂಲಿನಿಂದ ಮಾತ್ರ, ನನಗೆ ಮಾತ್ರ, ವ್ಯಾನ್ ಮಾಮನ ತೊಡೆಯ ಮೇಲಿನ ಕೈ ಕಾಣುತ್ತದೆ, ಕೈಯೊಳಗೆ ವೈರು ಕಟ್ಟಿದ ಸಣ್ಣ ಬಟನ್ನು, ಬಟನ್ನಿನ ಮೇಲೆ ಹೆಬ್ಬೆರಳು.

ಶುರು ಮಾಡ್ತೀನಿ ಎಂದು ಡಾಕ್ಟರಮ್ಮ ಮೆಲ್ಲನೆಯದೊಂದು ಸದ್ದು ಕಳಿಸುತ್ತಾರೆ, ಪರದೆಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಒಮ್ಮೆ ಉಬ್ಬಿ ಇಳಿಯುತ್ತದೆ, ಎಷ್ಟು ಚೆನ್ನಾಗಿ ಉಬ್ಬುತ್ತದೆ, ಯಜಮಾನರು ಮುಂದಕ್ಕೆ ಬಾಗುತ್ತಾರೆ, ಒಳಗೆ ಹೆಬ್ಬೆರಳು ಒತ್ತುತ್ತದೆ, ಈಗ ಪಕ್ಕದಲ್ಲಿ ಹಸಿರು ದೀಪ ಹತ್ತಬೇಕು — ಹತ್ತಲಿಲ್ಲ. ತಡವಾಗಿರಬೇಕು. ಡಾಕ್ಟರಮ್ಮ ಕಾಯುತ್ತಾರೆ, ಇನ್ನು ತುಸು ಜೋರಾದ ಸದ್ದು, ಕಿತ್ತಳೆ ಉಬ್ಬಿ ಇಳಿಯುತ್ತದೆ, ಹೆಬ್ಬೆರಳು ಒತ್ತಿತು, ನಾನು ನೋಡಿದೆ, ಉಗುರು ಬಿಳಿಚಿಕೊಂಡು ಮತ್ತೆ ಕೆಂಪಾದದ್ದನ್ನು ನೋಡಿದೆ, ಹಸಿರು ಇಲ್ಲ. ಇದು ಎಲ್ಲರಿಗೂ ಕೇಳಿಸಬೇಕಿತ್ತಲ್ಲ ಎನ್ನುತ್ತಾರೆ ಡಾಕ್ಟರಮ್ಮ, ಯಾರಿಗೂ ಅಲ್ಲ, ತಮಗೇ. ಇನ್ನೂ ಜೋರು, ಒತ್ತಿದರು, ಇಲ್ಲ. ಆಫೀಸಿನಲ್ಲಿ ಎಲ್ಲ ಸರಿಯಿತ್ತು, ನಾನೇ ನೋಡಿದ್ದೆನಲ್ಲ, ಹಸಿರು ಪಟಪಟನೆ ಹತ್ತುತ್ತಿತ್ತಲ್ಲ, ಯಾವುದನ್ನು ಓಡಿಸಿ ನೋಡಿದೆ ನಾನು, ಹಳೆಯದೊಂದು ಪರೀಕ್ಷೆಯ ದಾಖಲೆಯನ್ನು ಸ್ಕ್ರಿಪ್ಟಿಗೆ ತಿನ್ನಿಸಿ ನೋಡಿದೆ, ಅದು ಶುರುವಾಗುವಷ್ಟರಲ್ಲಿ ಮುಗಿಯುತ್ತಿತ್ತು, ಮನುಷ್ಯರನ್ನು ಕೂರಿಸಿ ನೋಡೋಣವಾ ಮೇಡಂ, ನಾನೇ ಕೂರ್ತೀನಿ ಎಂದು ಚೂಟಿ ಕೇಳಿದ್ದಳು, ಬೇಡ ಎಂದಿದ್ದೆ, ಮೆಷಿನ್ನಿನ ಜೊತೆ ನೋಡಬೇಕೆನಿಸಿದಾಗ ಒಬ್ಬಳೇ ಕೂತು ಕಪ್ಪು ಕಿಟಕಿ ತೆರೆದು ನೋಡಿದ್ದೆ, ಕಪ್ಪು ಕಿಟಕಿಯಲ್ಲಿ ಎಲ್ಲ ಸರಿ, ಕಪ್ಪು ಕಿಟಕಿಯಲ್ಲಿ — ಏನಾಗಿದೆಯೆಂದು ನನಗೆ ಗೊತ್ತಾಗಿಹೋಯಿತು.

ಪರ್ಲಿಗೆ ಒಂದು ಗುಣವಿದೆ, ಅದನ್ನು ಬರೆದ ಯಾರನ್ನು ಬೇಕಾದರೂ ಕೇಳಿ, ಎಳೆಯ ಕಾಲದಲ್ಲೇ ಒಮ್ಮೆ ಪೆಟ್ಟು ತಿಂದು ಕಲಿತಿರುತ್ತಾರೆ, ಎದುರಿಗೆ ಕಪ್ಪು ಕಿಟಕಿ ಇದ್ದರೆ ನೋಡುವವರು ಮನುಷ್ಯರು ಎಂದುಕೊಂಡು ಒಂದೊಂದು ಸಾಲನ್ನೂ ಆಗಲೇ ಹೇಳಿಬಿಡುತ್ತದೆ, ಕಿಟಕಿ ಮುಚ್ಚಿ ಇನ್ನೊಂದು ಪ್ರೋಗ್ರಾಮಿಗೆ ಜೋಡಿಸಿದರೆ ಹಾಗಲ್ಲ, ಹೇಳಬೇಕಾದ್ದನ್ನೆಲ್ಲ ಒಳಗೇ ಕೂಡಿಹಾಕಿಕೊಳ್ಳುತ್ತದೆ, ಬುಟ್ಟಿ ತುಂಬಿದಾಗ ಸುರಿಯುತ್ತದೆ, ಇಲ್ಲವೇ ಕೆಲಸ ಮುಗಿಸಿ ಹೊರಡುವಾಗ, ಆಫೀಸಿನಲ್ಲಿ ಶುರುವಾದ ಕೂಡಲೇ ಮುಗಿಯುತ್ತಿದ್ದರಿಂದಲೇ ಹಸಿರು ಪಟಪಟ ಹತ್ತಿದ್ದು. ಕೂಡಿಡಬೇಡ, ಆಗಾಗಲೇ ಹೇಳು — ಹಾಗೆಂದು ಮೇಲ್ಗಡೆ ಒಂದು ಪುಟ್ಟ ಸಾಲು ಬರೆದರೆ ಮುಗಿಯಿತು, ಚಿಟಿಕೆಯಷ್ಟು ಸಾಲು, ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ, ಇದನ್ನ ಮರೆತ್ರೆ ನಿಮ್ಮ ಗ್ರಹಚಾರ ಎಂದು ನಗಿಸುತ್ತಿದ್ದೆ, ಈ ಸ್ಕ್ರಿಪ್ಟಿಗೆ ಅದು ಎಂದೂ ಬೇಕಾಗಿರಲಿಲ್ಲ, ಯಾವಾಗಲೂ ಕಪ್ಪು ಕಿಟಕಿಯಲ್ಲೇ ಬಾಳಿತು, ಅದರ ಕಿಟಕಿಯನ್ನು ಮುಚ್ಚಿದವಳು ನಾನು. ಈಗ ವ್ಯಾನ್ ಮಾಮ ಒತ್ತಿದ ಒಂದೊಂದು ಒತ್ತೂ ಅಲ್ಲೇ ಇದೆ, ಕೇಳಿಸಿತು, ಕೇಳಿಸಿತು, ಕೇಳಿಸಿತು, ಸ್ಕ್ರಿಪ್ಟಿನ ಹೊಟ್ಟೆಯೊಳಗೆ ಸಾಲಾಗಿ ಕೂತಿದೆ, ಹೊರಗೆ ಬಂದಿಲ್ಲ, ಪರದೆಯ ಮೇಲೆ ಅವರು ಕಲ್ಲಿನಂತೆ ಕೂತ ಕಿವುಡ. ಹೇಳಬೇಕು. ಈಗಲೇ ಹೇಳಬೇಕು. ಡಾಕ್ಟರಮ್ಮ ನಿಲ್ಲಿಸಿ, ಅವರಿಗೆ ಕೇಳಿಸ್ತಿದೆ, ನನ್ನ ಪ್ರೋಗ್ರಾಮಿನ ತಪ್ಪು — ಇಷ್ಟೇ, ಬಾಯಿ ತೆರೆದರೆ ಮುಗಿಯಿತು, ಆಮೇಲೆ ಯಜಮಾನರು ಯಾವ ತಪ್ಪು ಎನ್ನುತ್ತಾರೆ, ಹಿಂದೆ ಏನೋ ಕೂಡಿಹಾಕಿಕೊಂಡಿದೆ ಎಂದರೆ ಹಿಂದೆ ಏನಿದೆ ಎನ್ನುತ್ತಾರೆ, ಹಳೇದು ಒಂದು ಸಾಲೂ ಇಲ್ಲ ಎಂದವರ ಎದುರಿಗೆ, ಇಡೀ ಹಳೇದೇ ಇದೆ ಸರ್, ಹೊಸದು ನನಗೆ ಬರಲಿಲ್ಲ ಸರ್. ಬರಲಿಲ್ಲ. ಈ ಸದ್ದು ಮುಗಿಯಲಿ ಹೇಳುತ್ತೇನೆ, ಇದೊಂದು ಮುಗಿಯಲಿ, ಹೆಬ್ಬೆರಳು ಒತ್ತುತ್ತದೆ, ಕಾಯುತ್ತದೆ, ಒತ್ತುತ್ತದೆ.

ಏನು ಮೇಡಂ, ಪ್ರೋಗ್ರಾಮ್ ಸರಿ ಇದೆ ತಾನೆ ಎಂದು ಡಾಕ್ಟರಮ್ಮ ತಿರುಗುತ್ತಾರೆ, ನೇರವಾಗಿ ನನ್ನನ್ನೇ ಕೇಳಿದ್ದು, ಬಾಗಿಲು ತೆರೆದು ದಾರಿ ಬಿಟ್ಟ ಹಾಗೆ ಕೇಳಿದ್ದು, ಯಜಮಾನರೂ ನನ್ನ ಕಡೆ ತಿರುಗಿದ್ದಾರೆ, ಮುಖದಲ್ಲಿ ಒಂದಿಷ್ಟೂ ಅನುಮಾನವಿಲ್ಲ, ಅನುಮಾನವಿದ್ದಿದ್ದರೆ ಹೇಳಿಬಿಡುತ್ತಿದ್ದೆನೇನೋ, ಅಷ್ಟು ನಂಬಿಕೆಯ ಮುಖ, ನನ್ನ ಬಾಯಿ ತೆರೆಯಿತು, ನಾಲಿಗೆ ಹೊರಳಿತು, ನಾನು ಅಂದುಕೊಂಡ ಮಾತಿನ ಬದಲು ಬೇರೆಯೇ ಮಾತು ಬಂತು, ಪ್ರೋಗ್ರಾಮ್ ಸರಿ ಇದೆ, ಅವರಿಗೆ ಹೇಗೆ ಒತ್ತಬೇಕು ಅಂತ ಗೊತ್ತಾಗಿಲ್ವೇನೋ, ಗಟ್ಟಿಯಾಗಿ ಒತ್ತಬೇಕು ಅಂತ ಹೇಳಿ. ನಾನೇ ಅಂದದ್ದು. ಧ್ವನಿ ಎಷ್ಟು ಸಹಜವಾಗಿತ್ತು, ದಿನಾ ಸುಳ್ಳು ಹೇಳಿ ರೂಢಿಯಿದ್ದವಳ ಹಾಗೆ, ನನ್ನ ಕಿವಿಗೇ ನಂಬುವ ಹಾಗಿತ್ತು, ಇರಬೇಕು ಎಂದು ಡಾಕ್ಟರಮ್ಮ ಎದ್ದು ಗೂಡಿನ ಬಾಗಿಲು ತೆಗೆದರು, ಅವರ ಮಾತು ಇಲ್ಲಿಗೆ ಕೇಳಿಸಿತು, ನೋಡಿ, ಸದ್ದು ಕೇಳಿಸಿದ ತಕ್ಷಣ ಇದನ್ನ ಗಟ್ಟಿಯಾಗಿ ಒತ್ತಬೇಕು, ಸುಮ್ನೆ ಮುಟ್ಟಿದ್ರೆ ಆಗಲ್ಲ, ಹೀಗೆ — ಒತ್ತುತ್ತಿದ್ದೀನಲ್ಲ ಡಾಕ್ಟರಮ್ಮ, ಸಣ್ಣದಕ್ಕೂ ಒತ್ತಿದೀನಿ — ಇನ್ನೂ ಗಟ್ಟಿಯಾಗಿ ಒತ್ತಿ, ಕೇಳಿಸಿದೆಯೋ ಇಲ್ವೋ ಅನುಮಾನ ಬಂದ್ರೂ ಒತ್ತಿ, ಬಿಡಬೇಡಿ. ಆಯ್ತಮ್ಮ ಎಂದರು, ಶಾಲೆಯಲ್ಲಿ ಎದ್ದು ನಿಲ್ಲಿಸಿದ ಹುಡುಗನ ಹಾಗೆ ಆಯ್ತಮ್ಮ ಎಂದರು, ನನ್ನ ತಪ್ಪನ್ನು ಅವರ ಹೆಬ್ಬೆರಳಿನ ಮೇಲೆ ಹೊರಿಸಿ ನಾನು ಸ್ಟೂಲಿನಲ್ಲಿ ಚೀಲದ ಹಿಡಿಕೆ ತಿರುಚುತ್ತ ಕೂತಿದ್ದೆ, ಬಾಗಿಲು ಮುಚ್ಚಿತು.

ಮತ್ತೆ ಕಿತ್ತಳೆ ಉಬ್ಬುತ್ತದೆ, ಈ ಸಲ ಎರಡೂ ಹೆಬ್ಬೆರಳು, ಒಂದರ ಮೇಲೊಂದು, ಭುಜ ಕೂಡ ಮುಂದಕ್ಕೆ ಬಾಗುತ್ತದೆ ಒತ್ತುವಾಗ, ಹಸಿರು ಇಲ್ಲ, ಇನ್ನೂ ಜೋರು, ಈಗ ಸದ್ದಿಗೆ ಅವರ ಹೆಗಲು ಬೆಚ್ಚಿ ಮೇಲೇರುವುದು ಕಾಣುತ್ತಿದೆ, ಕಾಣುತ್ತಿಲ್ಲವೇ ಡಾಕ್ಟರಮ್ಮ ನಿಮಗೆ, ಕತ್ತೆತ್ತಿ ಒಮ್ಮೆ ಗಾಜಿನ ಕಡೆ ನೋಡಬಾರದೇ, ಅವರು ನೋಡುವುದಿಲ್ಲ, ಪರದೆ ಅಷ್ಟು ಚೆನ್ನಾಗಿದೆ, ಹಳೆಯ ಕಪ್ಪು ಕಿಟಕಿ ಆಗಿದ್ದರೆ ಬೇಸರಕ್ಕಾದರೂ ತಲೆಯೆತ್ತಿ ನೋಡುತ್ತಿದ್ದರು, ಪಾಪ ಎಂದರು ಡಾಕ್ಟರಮ್ಮ, ಎರಡೂ ಕಿವಿ, ಹೀಗಿರುತ್ತೆ ಅಂದ್ಕೊಂಡಿರಲಿಲ್ಲ, ಹೊರಗೆ ಮಾತಾಡಿಸಿದಾಗ ಚೆನ್ನಾಗೇ ಉತ್ತರ ಕೊಟ್ರು, ತುಟಿ ನೋಡಿ ಅರ್ಥ ಮಾಡ್ಕೋತಾರೇನೋ, ಎಷ್ಟೋ ಜನಕ್ಕೆ ತಮಗೇ ಗೊತ್ತಿರಲ್ಲ. ಮಕ್ಕಳನ್ನ ಕೂರಿಸ್ಕೊಂಡು ಓಡಿಸೋದು, ಹಿಂದೆ ಹಾರ್ನ್ ಹೊಡೆದ್ರೂ ಕೇಳಿಸಲ್ಲ, ಸದ್ಯ ಈಗ್ಲಾದ್ರೂ ಸಿಕ್ಕಿತು ಎಂದರು ಯಜಮಾನರು, ಹೆಮ್ಮೆಯಿಂದಲೇ ಎಂದರು, ನಮ್ಮ ಪ್ರೋಗ್ರಾಮು ಹಿಡಿದುಕೊಟ್ಟಿತು ಎಂಬ ಹಾಗೆ. ನನಗೆ ಇಲ್ಲೇ ನೆಲ ಬಾಯಿ ಬಿಡಬಾರದೇ ಎನಿಸುತ್ತದೆ. ಎಷ್ಟು ಸುಲಭವಾಗಿ ಒಬ್ಬ ಮನುಷ್ಯನ ಕಿವಿ ಹೋಯಿತು, ನನ್ನ ಮಾನಕ್ಕೆ ಬದಲು ಅವರ ಕಿವಿ, ಎಂಥ ಮಾನ ಅದು, ಹೊಸದು ಕಲಿಯಲಾಗಲಿಲ್ಲ ಎಂಬ ಮಾತು ಹೇಳಿದ್ದರೆ ಏನಾಗುತ್ತಿತ್ತು, ಚೂಟಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳಿಕೊಡುತ್ತಿದ್ದಳು, ನಾನು ಅವಳಿಗೆ ಹಳೆಯದನ್ನು ಹೇಳಿಕೊಡುತ್ತಿದ್ದೆ, ಆ ಚಿಟಿಕೆಯಷ್ಟು ಸಾಲು ನೆನಪಾಗುತ್ತಿತ್ತು, ಅಷ್ಟೇ, ಲೋಕವೇನೂ ಮುಳುಗುತ್ತಿರಲಿಲ್ಲ. ಈಗಲೂ ಕಾಲ ಮಿಂಚಿಲ್ಲ, ಹೇಳುತ್ತೇನೆ, ಡಾಕ್ಟರಮ್ಮ ಎಂದೆ, ಎಂದೆನೋ ಇಲ್ಲವೋ, ನನ್ನ ಸ್ವರ ನನಗೇ ಕೇಳಿಸಲಿಲ್ಲ, ಸಾಕು ಬಿಡಿ, ಇನ್ನು ಜೋರು ಮಾಡಿದ್ರೆ ಇರೋ ಕಿವಿಯೂ ಹೋದೀತು ಎಂದು ಡಾಕ್ಟರಮ್ಮ ಮುಗಿಸಿ ಎಂಬ ಬಟನ್ನಿನ ಮೇಲೆ ಬಾಣ ತಂದರು, ಅದು ತುಸು ತಿಳಿಯಾಯಿತು, ಒತ್ತಿದರು.

ಮುಗಿಸಿದರೆ ಸ್ಕ್ರಿಪ್ಟು ಹೊರಡುತ್ತದೆ, ಹೊರಡುವಾಗ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸುರಿಯುತ್ತದೆ, ಗೊತ್ತಿತ್ತು, ಆದರೂ ಅದು ಬಂದ ರೀತಿಗೆ ನಾನು ಬೆಚ್ಚಿದೆ — ಹಸಿರು, ಹಸಿರು, ಹಸಿರು, ದೀಪ ಹತ್ತಿ ಆರುವುದಕ್ಕೂ ಪುರುಸೊತ್ತಿಲ್ಲದೆ ಒಂದೇ ಸಮ ನಡುಗಿತು, ಬಲಗಡೆಯ ಖಾಲಿ ಚೌಕದಲ್ಲಿ ಸಾಲಿನ ಮೇಲೆ ಸಾಲು, ಕೇಳಿಸಿತು, ಕೇಳಿಸಿತು, ಕೇಳಿಸಿತು, ಅತಿ ಮೆಲ್ಲನೆಯ ಸದ್ದಿನಿಂದ ಹಿಡಿದು ಒಂದನ್ನೂ ಬಿಡದೆ, ಪ್ರತಿಯೊಂದರ ಪಕ್ಕದಲ್ಲೂ ಒತ್ತಿದ ಗಳಿಗೆ ಸಮೇತ, ಎಲ್ಲ ಬಂದು ನಿಂತಿತು. ಡಾಕ್ಟರಮ್ಮ ಬೆರಳಿಟ್ಟು ಮೇಲಿನಿಂದ ಓದಿಕೊಂಡು ಬಂದರು, ಇವರಿಗೆ ಮೊದಲನೇದೂ ಕೇಳಿಸಿದೆ, ನನ್ನ ಕಿವಿಗಿಂತ ಚೆನ್ನಾಗಿದೆ ಇವರದ್ದು, ಇಷ್ಟೊತ್ತು ಇದೆಲ್ಲ ಎಲ್ಲಿತ್ತು ಮೇಡಂ. ಯಜಮಾನರು ಕಟ್ಟಿದ ಕೈ ಬಿಚ್ಚಿದರು, ಏನು ಮೇಡಂ ಇದು. ಒಬ್ಬರೂ ಗದರಲಿಲ್ಲ, ಇಬ್ಬರೂ ಮೆಲ್ಲಗೇ ಕೇಳಿದರು, ನಾನು ಎದ್ದು ನಿಂತೆ, ಚೀಲ ಕೆಳಗೆ ಬಿತ್ತು, ಹಳೇದಿದೆ ಸರ್ ಹಿಂದೆ ಎಂದೆ, ನಾನೇ ಬಚ್ಚಿಟ್ಟಿದ್ದು, ಅವರು ಮೊದಲಿಂದಲೂ ಒತ್ತುತ್ತಿದ್ದರು, ನಾನು ನೋಡ್ತಾ ಇದ್ದೆ. ನೋಡ್ತಾ ಇದ್ರಾ ಎಂದರು ಡಾಕ್ಟರಮ್ಮ, ಸ್ಕ್ರಿಪ್ಟು ಎಲ್ಲ ಹೇಳಿದ ಮೇಲೆ ನಾನು ಹೇಳಿದ್ದಕ್ಕೆ ಏನು ಬೆಲೆ, ಇಬ್ಬರ ಮುಖವನ್ನೂ ನೋಡಲಾರದೆ ಗಾಜಿನ ಕಡೆ ತಿರುಗಿದೆ. ಮೆಷಿನ್ನು ನಿಂತಿದೆ, ಅವರ ಕಿವಿಗೆ ಈಗ ಯಾವ ಸದ್ದೂ ಹೋಗುತ್ತಿಲ್ಲ, ಮುಗಿಯಿತೆಂದು ಅವರಿಗೆ ಯಾರೂ ಹೇಳಿಲ್ಲ, ಕತ್ತು ಬಗ್ಗಿಸಿದ್ದಾರೆ, ಕಣ್ಣು ಗಟ್ಟಿಯಾಗಿ ಮುಚ್ಚಿದ್ದಾರೆ, ಎಲ್ಲೋ ಒಂದು ಸದ್ದು ಇದ್ದೇ ಇರಬೇಕು, ತನಗೇ ಕೇಳಿಸುತ್ತಿಲ್ಲ ಎಂದು ನಂಬಿ ಹುಡುಕುತ್ತಿದ್ದಾರೆ, ಅನುಮಾನ ಬಂದರೂ ಒತ್ತಿ ಎಂದರಲ್ಲ, ಗಟ್ಟಿಯಾಗಿ ಒತ್ತಬೇಕು ಎಂದೆನಲ್ಲ, ಹೋಗಿ ಬಾಗಿಲು ತೆಗೆಯಬೇಕು, ನಾನೇ ತೆಗೆಯಬೇಕು, ನಿಂತಲ್ಲೇ ನೋಡುತ್ತಿದ್ದೇನೆ, ಏನೂ ಇಲ್ಲದ ಆ ಮೌನಕ್ಕೆ ಹೆಬ್ಬೆರಳು ಒತ್ತುತ್ತಿದೆ, ಒಂದರ ಮೇಲೊಂದು ಎರಡೂ ಹೆಬ್ಬೆರಳು, ಉಗುರು ಬಿಳಿಚಿ, ಬಿಟ್ಟು, ಮತ್ತೆ ಒತ್ತುತ್ತಿದ್ದಾರೆ, ಮತ್ತೆ ಒತ್ತುತ್ತಿದ್ದಾರೆ